ಶಾಸನದಿಂದ ಪಹಣಿಯವರೆಗೆ: ಕೊಂಕಲ್ ಸೀಮೆಯಲ್ಲಿ ಬಯಲ ಬರಹದ ಚರಿತ್ರೆ

ಯಾದಗಿರಿ ಜಿಲ್ಲೆಯ ಕೊಂಕಲ್ ಹೋಬಳಿಯ ಒಕ್ಕಲಿಗನು ತನ್ನ ಹೊಲದ ಹಕ್ಕನ್ನು ತಿಳಿಸುವ ಕಾಗದಕ್ಕೆ ‘ಪಹಣಿ’ ಎನ್ನುವನು. ಬೆಳಗಾವಿ ಧಾರವಾಡಗಳ ಕಡೆಯವನು ಅದನ್ನೇ ‘ಉತಾರ’ವೆನ್ನುವನು, ಸರಕಾರದ ಭಾಷೆಯಲ್ಲಿ ಅದು ಆರ್.ಟಿ.ಸಿ. ಪಹಣಿಯೆಂಬ ಶಬ್ದವು ಮರಾಠಿಯಿಂದ ಬಂದುದು. ನೋಡುವುದೆಂಬ ಅರ್ಥದ ‘ಪಾಹಣೆ’ಯೆಂಬ ಕ್ರಿಯಾಪದವೇ ಅದರ ಮೂಲವು. ಹೊಲದಲ್ಲಿ ಯಾವ ಪೈರು ನಿಂತಿದೆ, ಯಾರು ಉಳುತ್ತಿದ್ದಾರೆ ಎಂಬುದನ್ನು ಅಧಿಕಾರಿಯು ಕಣ್ಣಾರೆ ಕಂಡು ಬರೆದುಕೊಳ್ಳುವುದೇ ಪಹಣಿ. ಎಂದ ಮೇಲೆ ಆ ಕಾಗದದ ಹೆಸರಿನಲ್ಲಿಯೇ ಒಂದು ಪ್ರಶ್ನೆಯು ಅಡಗಿರುವುದು: ನೋಡುವವರಾರು, ನೋಡಲ್ಪಡುವವರಾರು?

ಈಚಿನ ದಶಕಗಳಲ್ಲಿ ‘ಪಾರದರ್ಶಕತೆ’ಯೆಂಬ ಮಾತು ಸಭೆಗಳಲ್ಲಿಯೂ ಸುತ್ತೋಲೆಗಳಲ್ಲಿಯೂ ಎಡೆಬಿಡದೆ ಕೇಳಿಬರುತ್ತಿದೆ. ‘ಪಾರ’ವೆಂದರೆ ಆಚೆಯ ದಡ, ಆಚೆಯ ದಡವನ್ನು ಮರೆಮಾಡದೆ ತೋರಿಸುವುದು ಪಾರದರ್ಶಕವು. ಗಾಜಿಗೂ ಸ್ಫಟಿಕಕ್ಕೂ ಸಹಜವಾದ ಈ ಗುಣವನ್ನು ರಾಜ್ಯಕ್ಕೆ ಹೇಳುವುದು ಆಧುನಿಕ ಕಾಲದ ರೂಢಿ. ಸರಕಾರದ ಕಡತಗಳನ್ನು ನೋಡುವ ಹಕ್ಕು ಪ್ರಜೆಗಳಿಗುಂಟೆಂದು ಸ್ವೀಡನ್ ದೇಶವು 1766ರಲ್ಲಿಯೇ ಕಾಯಿದೆ ಮಾಡಿತು. ಆಳುವವರ ಕಾರ್ಯವೆಲ್ಲ ಜನರ ಕಣ್ಣೆದುರಿಗೆ ನಡೆಯಬೇಕೆಂದು ಇಂಗ್ಲೆಂಡಿನ ಜೆರೆಮಿ ಬೆಂಥಾಮನು ವಾದಿಸಿದನು. ಒಬ್ಬನೇ ಕಾವಲುಗಾರನು ತಾನು ಕಾಣಿಸಿಕೊಳ್ಳದೆ ಸೆರೆಯಾಳುಗಳನ್ನೆಲ್ಲ ನೋಡುತ್ತಿರಬಹುದಾದ ಕಾರಾಗೃಹದ ನಕ್ಷೆಯನ್ನು ರಚಿಸಿದವನೂ ಆ ಬೆಂಥಾಮನೇ. ಒಂದೇ ತಲೆಯಲ್ಲಿ ಹುಟ್ಟಿದ ಈ ಎರಡು ವಿಚಾರಗಳು ಇಂದಿಗೂ ಜೊತೆಯಾಗಿಯೇ ನಡೆದುಬಂದಿವೆ. ಅವು ಭೀಮಾ ಕೃಷ್ಣೆಗಳ ನಡುವಣ ಈ ನಾಡಿನಲ್ಲಿ ಯಾವ ಯಾವ ರೂಪವನ್ನು ತಾಳಿದವೆಂಬುದು ವಿಚಾರಾರ್ಹವಾದ ಸಂಗತಿಯು.

ಯಾದಗಿರಿ ಜಿಲ್ಲೆಯ ಗಡಿಗೆ ಸಮೀಪದಲ್ಲಿ, ಭೀಮಾನದಿಯ ತೀರದಲ್ಲಿ, ಕಲಬುರಗಿ ಜಿಲ್ಲೆಯ ಸನ್ನತಿಯೆಂಬ ಕ್ಷೇತ್ರವಿದೆ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಯ ಗುಡಿಯ ಛಾವಣಿಯು 1986ರಲ್ಲಿ ಕುಸಿದುಬಿದ್ದಿತು. ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲುಚಪ್ಪಡಿಯನ್ನು ತರುವಾಯ ಪರೀಕ್ಷಿಸಲಾಗಿ ಅದರ ಎರಡು ಮುಖಗಳಲ್ಲಿಯೂ ಬ್ರಾಹ್ಮೀ ಲಿಪಿಯ ಬರಹ ಕಂಡುಬಂದಿತು. ಅದು ಅಶೋಕ ಚಕ್ರವರ್ತಿಯ ಧರ್ಮಶಾಸನಗಳ ಒಂದು ಭಾಗವೆಂದು 1989ರಲ್ಲಿ ನಿರ್ಣಯವಾಯಿತು. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳಲ್ಲದೆ, ಕಳಿಂಗದ ಧೌಲಿ ಜೌಗಡಗಳಲ್ಲಿ ಮಾತ್ರವೇ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿದ್ದವು.

ಈ ಪ್ರತ್ಯೇಕ ಶಾಸನಗಳು ಪ್ರಜೆಗಳಿಗೆ ಬರೆದ ಉಪದೇಶಗಳಲ್ಲ. ಅಧಿಕಾರಿಗಳಿಗೆ ಕೊಟ್ಟ ಆಜ್ಞೆಗಳು. ನ್ಯಾಯ ನಡೆಸುವವರು ಪಕ್ಷಪಾತ ಮಾಡಬಾರದು, ಕಾರಣವಿಲ್ಲದೆ ಯಾರನ್ನೂ ಬಂಧಿಸಬಾರದು, ಸಿಟ್ಟು ಸೋಮಾರಿತನ ಆತುರಗಳಿಗೆ ಎಡೆಗೊಡಬಾರದೆಂಬುದು ಅವುಗಳಲ್ಲೊಂದರ ಸಾರಾಂಶ. ಅಧಿಕಾರಿಗೆ ಕೊಟ್ಟ ಆಜ್ಞೆಯನ್ನು ಗುಪ್ತವಾಗಿ ಕಳುಹಿಸದೆ ಬಂಡೆಯ ಮೇಲೆ ಕೆತ್ತಿಸಿದುದೇ ಒಂದು ವಿಶೇಷವು. ಅದಕ್ಕಿಂತಲೂ ಗಮನಿಸತಕ್ಕ ಮಾತು ಮತ್ತೊಂದುಂಟು. ಕಳಿಂಗದ ಪಾಠದ ಪ್ರಕಾರ ಈ ಶಾಸನವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಎಲ್ಲರೂ ಕೇಳಬೇಕು. ನಡುವಣ ದಿನಗಳಲ್ಲಿಯೂ, ಕೇಳುವವನು ಒಬ್ಬನೇ ಇದ್ದರೂ ಅವನಿಗೆ ಕೇಳಿಸಬೇಕು. ಕೆತ್ತಿಸಿದ ಮಾತ್ರಕ್ಕೆ ವಿಷಯವು ಬಯಲಾಗಲಿಲ್ಲವೆಂಬುದನ್ನು ಆ ಚಕ್ರವರ್ತಿಯು ಅರಿತಿದ್ದನು. ಕನ್ನಡ ನಾಡಿನ ಮಣ್ಣಿನಲ್ಲಿ ನಿಂತ ಪ್ರಾಕೃತ ಭಾಷೆಯ ಬರಹವನ್ನು ಯಾರಾದರೂ ಓದಿ ಅರ್ಥ ಹೇಳದಿದ್ದರೆ ಅದು ಬರಿಯ ಗೀರುಗಳ ಕಲ್ಲು.

ಮುಂದೆ ಆದದ್ದೂ ಹಾಗೆಯೇ. ಓದುವ ಕ್ರಮವು ನಿಂತಿತು, ಲಿಪಿಯು ಮರೆತುಹೋಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು ಬ್ರಾಹ್ಮಿಯನ್ನು ಬಿಡಿಸುವವರೆಗೆ ಇಡೀ ಭಾರತದಲ್ಲಿ ಆ ಅಕ್ಷರಗಳನ್ನು ಓದಬಲ್ಲವರಿರಲಿಲ್ಲ. ಸರ್ವರಿಗೂ ತೋರುವಂತೆ ನಿಲ್ಲಿಸಿದ ಚಪ್ಪಡಿಯ ನಡುವೆ ಯಾವನೋ ಶಿಲ್ಪಿಯು ಕುಳಿಯನ್ನು ಕೊರೆದು ದೇವಿಯನ್ನು ಪ್ರತಿಷ್ಠಿಸಿದನು. ಅವನದು ತಪ್ಪೆನ್ನಲಾಗದು, ಓದಲು ಬಾರದ ಕಲ್ಲು ಅವನಿಗೆ ಒಳ್ಳೆಯ ಕಲ್ಲಾಗಿಯಷ್ಟೇ ಕಂಡಿರಬೇಕು.

ಚಾಲುಕ್ಯ ಕಲಚುರಿಗಳ ಕಾಲಕ್ಕೆ ಬಂದರೆ ಸ್ಥಿತಿಯು ಬೇರೆ. ಶಹಾಪುರ ಸುರಪುರ ಯಾದಗಿರಿಗಳ ಸೀಮೆಯಲ್ಲಿ ಗುಡಿಗಳ ಮುಂದೆ ನಿಂತಿರುವ ಶಾಸನಗಳು ಬಹುಮಟ್ಟಿಗೆ ಕನ್ನಡದವು. ದತ್ತಿಯ ಭೂಮಿ ಎಷ್ಟು ಮತ್ತರು, ಮೂಡಲ ಗಡಿ ಯಾವ ಹಳ್ಳ, ತೆಂಕಲ ಗಡಿ ಯಾವ ಬಂಡೆ, ಯಾರ ಸಮಕ್ಷಮದಲ್ಲಿ ಕೊಟ್ಟುದು ಎಂಬುದನ್ನೆಲ್ಲ ಊರವರ ಭಾಷೆಯಲ್ಲಿ ಬರೆದು, ಅಳುಪಿದವನಿಗೆ ಶಾಪವನ್ನು ಸೇರಿಸಿ, ಊರ ನಡುವೆ ನಿಲ್ಲಿಸುತ್ತಿದ್ದರು. ಅಕ್ಷರ ಬಾರದವನೂ ಹಳ್ಳವನ್ನೂ ಬಂಡೆಯನ್ನೂ ಬಲ್ಲನು. ಇಲ್ಲಿ ಒಂದು ಸೂಕ್ಷ್ಮವನ್ನು ನೆನೆಯಬಹುದು. ಫ್ಲೀಟ್ ಮೊದಲಾದ ಶಾಸನತಜ್ಞರು ಕೂಟಶಾಸನಗಳೆಂದು ತಳ್ಳಿಹಾಕಿದವುಗಳಲ್ಲಿ ಬಹುಪಾಲು ತಾಮ್ರಪಟಗಳೇ. ಮನೆಯ ಪೆಟ್ಟಿಗೆಯಲ್ಲಿಡುವ ತಾಮ್ರಪಟವನ್ನು ಕತ್ತಲೆಯಲ್ಲಿ ಸೃಷ್ಟಿಸಬಹುದು. ಊರೆಲ್ಲ ದಿನವೂ ನೋಡುವ ಕಲ್ಲಿನಲ್ಲಿ ಹೊಸ ಗಡಿಯನ್ನು ಕೆತ್ತುವುದು ಸುಲಭವಲ್ಲ.

ಇದೇ ಹನ್ನೆರಡನೆಯ ಶತಮಾನದ ಕಲ್ಯಾಣದ ಪ್ರಸಂಗವೊಂದು ಎಲ್ಲರೂ ಬಲ್ಲುದಾಗಿದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯಲ್ಲಿಯೂ, 1369ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ಅದು ನಿರೂಪಿತವಾಗಿದೆ. ಬಿಜ್ಜಳನ ಭಂಡಾರಿಯಾದ ಬಸವಣ್ಣನವರು ಅರಸನ ಧನವನ್ನು ಜಂಗಮರಿಗೆ ವ್ಯಯಮಾಡುತ್ತಿದ್ದಾರೆಂದು ಕೊಂಡೆಯರು ದೂರುತ್ತಾರೆ. ಅರಸನು ಲೆಕ್ಕ ಕೇಳುತ್ತಾನೆ. ಭಂಡಾರವನ್ನು ತೆರೆದು ಎಣಿಸಲಾಗಿ ಒಂದು ಹೊನ್ನೂ ಕಡಿಮೆಯಾಗಿರುವುದಿಲ್ಲ. ಪುರಾಣದ ಪವಾಡವನ್ನು ಇತಿಹಾಸಕಾರನು ಪ್ರಮಾಣವಾಗಿ ಹಿಡಿಯಲಾರನು. ಆದರೆ ಭಕ್ತಸಮುದಾಯವು ತನ್ನ ಅಗ್ರಗಣ್ಯನ ಚರಿತ್ರೆಯನ್ನು ಹೇಳುವಾಗ ಲೆಕ್ಕ ತೆರೆದು ತೋರಿಸಿದ ಕಥೆಯನ್ನು ಸೇರಿಸಿಕೊಂಡಿತೆಂಬುದು ಸ್ವತಃ ಒಂದು ಐತಿಹಾಸಿಕ ಸಂಗತಿಯು. ಲೆಕ್ಕ ಕೇಳಿದುದನ್ನು ಅದು ಅಪಮಾನವೆಂದು ಮುಚ್ಚಿಡಲಿಲ್ಲ. ಇನ್ನೂ ಒಂದು ಮಾತು. ಪೆಟ್ಟಿಗೆಗಳು ತುಂಬಿದ್ದುದನ್ನು ಕಂಡ ಮೇಲೂ ಅರಸನಿಗೂ ಶರಣರಿಗೂ ನಡುವಣ ಸಂಶಯವು ಶಾಶ್ವತವಾಗಿ ಹೋಗಲಿಲ್ಲ. ಕಲ್ಯಾಣದ ಕಥೆಯು ಮುಗಿದುದು ರಕ್ತಪಾತದಲ್ಲಿ. ಲೆಕ್ಕವು ಸಂಶಯಕ್ಕೆ ಉತ್ತರ ಕೊಡಬಲ್ಲದು, ವಿಶ್ವಾಸವನ್ನು ಹುಟ್ಟಿಸಲಾರದು.

ಬಹಮನಿ ಸುಲ್ತಾನರ ಆಳಿಕೆಯಲ್ಲಿ ದರಬಾರಿನ ಬರಹವು ಪಾರಸಿಗೆ ತಿರುಗಿತು. ವಿಜಾಪುರದ ಒಂದನೆಯ ಇಬ್ರಾಹಿಂ ಆದಿಲಶಹನು (1534–1558) ಲೆಕ್ಕಪತ್ರಗಳನ್ನು ಪಾರಸಿಯಿಂದ ಬಿಡಿಸಿ ದೇಶಭಾಷೆಗೆ ತಂದನೆಂದು ಚರಿತ್ರಕಾರ ಫಿರಿಶ್ತಾ ಹೇಳಿರುವುದುಂಟು. ಆ ಬಗೆಯ ಯತ್ನಗಳ ನಡುವೆಯೂ ಕಂದಾಯದ ಮಾತುಗಳೆಲ್ಲ ಪಾರಸಿ ಅರಬ್ಬಿಗಳವಾಗಿಯೇ ಉಳಿದವು. ತಹಸೀಲು, ಜಮಾಬಂದಿ, ಖುಷ್ಕಿ, ತರಿ, ನಕಲು, ಫೈಸಲು ಮುಂತಾದವನ್ನು ಇಂದು ಒಕ್ಕಲಿಗನು ತನ್ನ ತಾಯಿನುಡಿಯಂತೆಯೇ ಆಡುತ್ತಾನೆ. ಆದರೆ ಮಾತು ನಾಲಗೆಗೆ ಪರಿಚಯವಾದುದರಿಂದ ಕಡತವು ಕಣ್ಣಿಗೆ ಪರಿಚಯವಾಗಲಿಲ್ಲ.

ಸುರಪುರದ ನಾಯಕ ಸಂಸ್ಥಾನದ ಕಡೆಯ ಅಧ್ಯಾಯವು ಈ ವಿಷಯಕ್ಕೆ ಬಹಳ ಉಪಯುಕ್ತವು. ರಾಜಾ ಕೃಷ್ಣಪ್ಪ ನಾಯಕರ ಮರಣದ ತರುವಾಯ ಬಾಲಕ ವೆಂಕಟಪ್ಪ ನಾಯಕನ ಪರವಾಗಿ ಆಡಳಿತವನ್ನು ನೋಡಿಕೊಳ್ಳಲು ಬ್ರಿಟಿಷರು ಫಿಲಿಪ್ ಮೆಡೋಸ್ ಟೇಲರನನ್ನು ನೇಮಿಸಿದರು. 1853ರವರೆಗೆ ಆತನು ಅಲ್ಲಿದ್ದನು. ಸಾಲದಲ್ಲಿ ಮುಳುಗಿದ್ದ ಸಂಸ್ಥಾನದ ಲೆಕ್ಕವನ್ನು ಆತನು ಹಸನುಗೊಳಿಸಿದನು, ಕಂದಾಯವನ್ನು ಕ್ರಮಕ್ಕೆ ತಂದನು, ಬೋನಾಳದ ಕೆರೆಯ ಕೆಲಸವನ್ನು ಮಾಡಿಸಿದನು. ಆತನ ಬಂಗಲೆಯಾದ ಟೇಲರ್ ಮಂಜಿಲ್ ಇಂದಿಗೂ ಸುರಪುರದ ಗುಡ್ಡದ ಮೇಲಿದೆ. ಆತನು ಪ್ರಜೆಗಳ ಹಿತೈಷಿಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದು ವಿಷಯವನ್ನು ಮರೆಯಲಾಗದು. ಟೇಲರನು ಸಿದ್ಧಪಡಿಸಿದ ಲೆಕ್ಕವು ಮೇಲ್ಮುಖವಾದುದು. ಸುರಪುರದ ಆದಾಯವೆಷ್ಟು, ಸಾಲವೆಷ್ಟು, ಸೈನ್ಯವೆಷ್ಟು ಎಂಬುದು ಹೈದರಾಬಾದಿನ ರೆಸಿಡೆನ್ಸಿಗೆ ಕನ್ನಡಿಯಲ್ಲಿ ಕಂಡಂತೆ ಕಂಡಿತು. ರೆಸಿಡೆನ್ಸಿಯಲ್ಲಿ ಸುರಪುರದ ವಿಷಯವಾಗಿ ಏನು ಆಲೋಚನೆ ನಡೆದಿದೆಯೆಂಬುದು ಸುರಪುರಕ್ಕೆ ಕಾಣಲಿಲ್ಲ. ಪ್ರಾಪ್ತವಯಸ್ಕನಾಗಿ ಅಧಿಕಾರ ವಹಿಸಿಕೊಂಡ ವೆಂಕಟಪ್ಪ ನಾಯಕನು 1858ರಲ್ಲಿ ಆಂಗ್ಲರಿಗೆ ಎದುರಾಗಿ ಸೋತು, ಸೆರೆಯಾಗಿ, ಅದೇ ವರ್ಷ ಗುಂಡಿನೇಟಿನಿಂದ ಮಡಿದನು. 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು.

ನಿಜಾಮನ ರಾಜ್ಯದಲ್ಲಿ ಅಷ್ಟರಲ್ಲೇ ಒಂದನೆಯ ಸಾಲಾರಜಂಗನ ದಿವಾಣಗಿರಿ (1853–1883) ನಡೆದಿತ್ತು. ಕಂದಾಯವನ್ನು ಗುತ್ತಿಗೆಗೆ ಕೊಡುವ ಪದ್ಧತಿಯನ್ನು ಆತನು ತೆಗೆದನು. 1865ರ ಜಿಲ್ಲಾಬಂದಿಯಿಂದ ಜಿಲ್ಲೆ ತಾಲೂಕುಗಳ ವ್ಯವಸ್ಥೆಯು ನೆಲೆಗೊಂಡಿತು. ತರುವಾಯ ಮುಂಬಯಿ ಪ್ರಾಂತದ ಮಾದರಿಯಲ್ಲಿ ಹೊಲಗಳ ಮೋಜಣಿಯಾಗಿ ಸರ್ವೆ ನಂಬರುಗಳು ಬಿದ್ದವು. ಗುತ್ತಿಗೆದಾರನ ಬಾಯಿಮಾತಿನಿಂದ ನಿಶ್ಚಿತವಾದ ಅಂಕಿಗೆ ಬಂದುದು ದೊಡ್ಡ ಲಾಭವೇ ಸರಿ. ಆದರೆ 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಬಂದುದು ಉರ್ದು. ಕನ್ನಡಿಗ ರೈತನ ಪಾಲಿಗೆ ಒಂದು ಮುಚ್ಚಿದ ಬಾಗಿಲು ಹೋಗಿ ಇನ್ನೊಂದು ಬಂದಂತಾಯಿತು. ತಹಸೀಲಿಗೆ ಅರ್ಜಿ ಕೊಡಬೇಕಾದರೆ ಅರ್ಜಿನವೀಸನು ಬೇಕು, ಬಂದ ಉತ್ತರವನ್ನು ಓದಿಸಬೇಕಾದರೆ ಮತ್ತೊಬ್ಬನು ಬೇಕು. ಹಳ್ಳಿಯ ಮಟ್ಟದಲ್ಲಿ ಮಾಲಿಪಾಟೀಲನೂ ಪಟವಾರಿಯೂ ವಂಶಪಾರಂಪರ್ಯವಾಗಿ ದಫ್ತರವನ್ನು ಮನೆಯಲ್ಲಿಯೇ ಇಟ್ಟುಕೊಂಡಿದ್ದರು. ಪಟವಾರಿಯ ಬಲವಿದ್ದುದು ಅವನ ಭೂಮಿಯಲ್ಲಲ್ಲ, ಇನ್ನೊಬ್ಬರ ಭೂಮಿಯ ವಿಷಯವಾಗಿ ಅವನೊಬ್ಬನಿಗೇ ತಿಳಿದಿದ್ದ ಸಂಗತಿಯಲ್ಲಿ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1949ರಲ್ಲಿ ಜಹಗೀರುಗಳು ರದ್ದಾದವು. 1956ರ ನವೆಂಬರ 1ರಂದು ಗುಲಬರ್ಗಾ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯಿದೆಯು ಕೊನೆಗಾಣಿಸಿತು. ಕಡತಗಳ ಭಾಷೆ ಕನ್ನಡವಾಯಿತು. ಆಗಲಾದರೂ ಗಾಜು ಸ್ವಚ್ಛವಾಯಿತೇ ಎಂದರೆ, 1974ರ ಮಾರ್ಚ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಅದರ ಪರೀಕ್ಷೆಯನ್ನು ಮಾಡಿತು. ದೇವರಾಜ ಅರಸರ ಸರಕಾರವು ಗೇಣಿಯ ಭೂಮಿಯನ್ನು ಉಳುವವನಿಗೆ ಕೊಡುವೆನೆಂದಿತು. ಏಳನೆಯ ನಮೂನೆಯ ಅರ್ಜಿಗಳು ತಾಲೂಕಿನ ನ್ಯಾಯಮಂಡಳಿಗಳ ಮುಂದೆ ಬಂದವು. ಉಳುವವನಾರೆಂಬುದಕ್ಕೆ ಮುಖ್ಯ ಸಾಕ್ಷಿ ಯಾವುದು? ಪಹಣಿಯ ಹನ್ನೆರಡನೆಯ ಕಾಲಂ. ಬಾಯಿಮಾತಿನ ಗೇಣಿಯಿಂದ ತಲೆಮಾರು ದುಡಿದವನ ಹೆಸರು ಅಲ್ಲಿಲ್ಲದಿದ್ದರೆ ಅವನ ದಾವೆಗೆ ಬಲವಿಲ್ಲ. ಅಂಥವನನ್ನು ಊರೆಲ್ಲ ದಿನವೂ ಹೊಲದಲ್ಲಿ ಕಂಡಿತ್ತು. ‘ನೋಡುವ’ ಕಾಗದವು ಮಾತ್ರ ಕಂಡಿರಲಿಲ್ಲ. ಊರ ಕಣ್ಣಿಗಿಂತ ಕಾಗದದ ಕಣ್ಣಿಗೆ ಬೆಲೆ ಬಂದ ಮೇಲೆ, ಕಾಗದದಲ್ಲಿ ಇಲ್ಲದಿರುವುದು ಲೋಕದಲ್ಲಿಯೇ ಇಲ್ಲದಿರುವುದಕ್ಕೆ ಸಮಾನವಾಯಿತು.

ಹೊಸ ಶತಮಾನದ ಆರಂಭದಲ್ಲಿ ಬಂದ ‘ಭೂಮಿ’ ಯೋಜನೆಯು ಈ ಪರಂಪರೆಯ ಅತ್ಯಂತ ಪ್ರಸಿದ್ಧವಾದ ಘಟ್ಟವು. ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರು ಕೈಬರಹದಲ್ಲಿ ಇಟ್ಟಿದ್ದ, 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲೂಕು ಕಚೇರಿಗಳ ಕಿಟಕಿಯಲ್ಲಿ 15 ರೂಪಾಯಿಗೆ ನಕಲು ಕೊಡುವ ಏರ್ಪಾಡು ಅದು. ಲೆಕ್ಕಿಗನ ಬೆನ್ನುಹತ್ತಿ ಅಲೆದು ಅವನ ಕೈ ಬಿಸಿಮಾಡುತ್ತಿದ್ದ ರೈತನಿಗೆ ಇದು ನಿಜವಾದ ಬಿಡುಗಡೆಯೇ. ಇದನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಆದರೆ 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಣ ಪ್ರದೇಶವನ್ನು ಅಭ್ಯಸಿಸಿ ಬೇರೊಂದು ಮುಖವನ್ನು ತೋರಿಸಿದರು: ತೆರೆದ ದಾಖಲೆಯಿಂದ ದೊಡ್ಡ ಭೂವ್ಯಾಪಾರಿಗಳಿಗೆ ಅನುಕೂಲವಾಯಿತು, ಲಂಚವು ಅಳಿಯದೆ ಮೇಲಿನ ಮೆಟ್ಟಿಲಿಗೆ ಏರಿತು ಎಂಬುದು ಅವರ ನಿರ್ಣಯ. ಒಂದು ಹಳ್ಳಿಯ ಭೂಮಿ ಯಾರದು, ಯಾರ ಸಾಲ ಎಷ್ಟು ಎಂಬುದು ಹಿಂದೆ ಆ ಹಳ್ಳಿಗೆ ಮಾತ್ರ ಗೊತ್ತಿತ್ತು. ಈಗ ದೂರದ ನಗರದಲ್ಲಿ ಕುಳಿತವನಿಗೂ ಗೊತ್ತಾಗುವುದು. ಅವನು ಯಾರೆಂಬುದು ಮಾತ್ರ ಹಳ್ಳಿಗೆ ಗೊತ್ತಾಗದು. ಯಾದಗಿರಿ ಸೀಮೆಯಲ್ಲಿ ಬೆಂಗಳೂರಿನ ಬೆಲೆ ಇಲ್ಲದಿರಬಹುದು. ಆದರೆ 2011ರ ಜನಗಣತಿಯಂತೆ, ಅದಕ್ಕೆ ಎರಡು ವರ್ಷಗಳ ಹಿಂದೆಯಷ್ಟೆ ರಚಿತವಾದ ಈ ಜಿಲ್ಲೆಯಲ್ಲಿ ಅಕ್ಷರಸ್ಥರು ನೂರಕ್ಕೆ 51.83, ಸ್ತ್ರೀಯರಲ್ಲಿ 41.38, ಇಡೀ ಕರ್ನಾಟಕದಲ್ಲಿ ಇದೇ ಅತಿ ಕಡಿಮೆಯ ಪ್ರಮಾಣವು. ಹದಿನಾರು ಕಾಲಂಗಳ ಕಾಗದವನ್ನು ಕೈಯಲ್ಲಿ ಹಿಡಿದು ಓದಿಸಿಕೊಳ್ಳಲು ಇನ್ನೊಬ್ಬರ ಬಳಿಗೆ ಹೋಗುವವಳ ಎದುರಿಗೆ ಆ ಸನ್ನತಿಯ ಚಪ್ಪಡಿಯೇ ನಿಂತಂತಲ್ಲವೆ?

ಓದಿ ಕೇಳಿಸುವ ಕ್ರಮವು ಮತ್ತೆ ಹುಟ್ಟಿದುದು ರಾಜಸ್ಥಾನದಲ್ಲಿ. ಅಲ್ಲಿಯ ಮಜದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರ ಡಿಸೆಂಬರಿನಲ್ಲಿ ಕೋಟ್ ಕಿರಾಣಾ ಎಂಬ ಹಳ್ಳಿಯಲ್ಲಿ ಜನಸುನ್ವಾಯಿಯನ್ನು ನಡೆಸಿ, ಬರಗಾಲದ ಕಾಮಗಾರಿಗಳ ಹಾಜರಿಪಟ್ಟಿಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿತು. ಎಂದೂ ಕೆಲಸಕ್ಕೆ ಹೋಗದವರ ಹೆಸರು, ಎಂದೂ ಕೈಗೆ ಬಾರದ ಕೂಲಿ ಇವು ಕಿವಿಗೆ ಬಿದ್ದಾಗ ಅಕ್ಷರ ಬಾರದವರೇ ಎದ್ದುನಿಂತು ಸುಳ್ಳನ್ನು ಹಿಡಿದರು. ಈ ಚಳುವಳಿಯ ಫಲವಾಗಿ ಬಂದ ಮಾಹಿತಿ ಹಕ್ಕಿನ ಕಾಯಿದೆಯು 2005ರ ಅಕ್ಟೋಬರ 12ರಂದು ಪೂರ್ಣವಾಗಿ ಜಾರಿಗೆ ಬಂದಿತು; ಕರ್ನಾಟಕವು 2000ದಲ್ಲಿಯೇ ತನ್ನದೇ ಒಂದು ಕಾಯಿದೆಯನ್ನು ಮಾಡಿಕೊಂಡಿತ್ತು. 2005ರ ಉದ್ಯೋಗ ಖಾತರಿ ಕಾಯಿದೆಯು ಗ್ರಾಮಸಭೆಯಿಂದ ಸಾಮಾಜಿಕ ಲೆಕ್ಕಪರಿಶೋಧನೆಯಾಗಬೇಕೆಂದು ವಿಧಿಸಿತು. 2006ರ ಫೆಬ್ರವರಿಯಲ್ಲಿ ಆ ಯೋಜನೆಯು ಮೊದಲು ಆರಂಭವಾದ ಜಿಲ್ಲೆಗಳಲ್ಲಿ, ಕೊಂಕಲ್ ಅಂದು ಸೇರಿದ್ದ ಗುಲಬರ್ಗಾ ಜಿಲ್ಲೆಯೂ ಒಂದಾಗಿದ್ದಿತು.

ಕಾಲ ಕಳೆದಂತೆ ಕಣ್ಣಿನ ದಿಕ್ಕು ಇಲ್ಲಿಯೂ ತಿರುಗಿತು. 2021ರಲ್ಲಿ ಮೊಬೈಲಿನ ಹಾಜರಿಯು ಬಂದಿತು; 2023ರ ಜನವರಿ 1ರಿಂದ ಅದು ಕಡ್ಡಾಯವಾಗಿ, ಕೂಲಿಕಾರರ ಭಾವಚಿತ್ರವನ್ನು ಸ್ಥಳದ ಗುರುತಿನೊಂದಿಗೆ ದಿನಕ್ಕೆರಡು ಸಲ ತೆಗೆದು ಕಳಿಸಬೇಕಾಯಿತು. ಪಾರದರ್ಶಕತೆಯ ಹೆಸರಿನಲ್ಲಿಯೇ ಇದು ನಡೆದುದು. ಮೊದಲು ಕೂಲಿಕಾರಳು ಅಧಿಕಾರಿಯ ಪಟ್ಟಿಯನ್ನು ನೋಡಬಯಸಿದ್ದಳು. ಈಗ ಅಧಿಕಾರಿಯು ಅವಳ ಮುಖವನ್ನು ಬೆಳಿಗ್ಗೆಯೂ ಮಧ್ಯಾಹ್ನವೂ ನೋಡತೊಡಗಿದನು. ಕೆರೆಯಂಗಳದಲ್ಲಿ ಮಣ್ಣು ಹೊತ್ತವಳು ಸಂಕೇತ ಸಿಗದೆ ಚಿತ್ರ ಏರದಿದ್ದರೆ ಹೊತ್ತಿಲ್ಲವೆಂದೇ ಲೆಕ್ಕ. ಇಷ್ಟಾಗಿಯೂ ಕಳ್ಳತನ ನಿಂತಿತೇ? ಸಂಬಂಧವಿಲ್ಲದ ಚಿತ್ರಗಳನ್ನೂ, ಚಿತ್ರದ ಚಿತ್ರವನ್ನು ತೆಗೆದುದನ್ನೂ ಏರಿಸುತ್ತಿದ್ದಾರೆಂದು ಕೇಂದ್ರ ಗ್ರಾಮೀಣಾಭಿವೃದ್ಧಿ ಮಂತ್ರಾಲಯವೇ 2025ರ ಜುಲೈಯಲ್ಲಿ ರಾಜ್ಯಗಳಿಗೆ ಸುತ್ತೋಲೆ ಬರೆಯಬೇಕಾಯಿತು.

ಕಾಣಿಸದಿರುವ ಹಕ್ಕೂ ಒಂದುಂಟೆಂಬ ವಿಚಾರವು ಹೀಗೆ ಸಹಜವಾಗಿಯೇ ಬೆಳೆಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯವಾಗಿ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ಏಕಕಂಠದಿಂದ ತೀರ್ಪಿತ್ತರು. ಬಡವನನ್ನು ರಾಜ್ಯದ ಕಣ್ಣಿನಿಂದ ಕಾಪಾಡಬೇಕಾದ ಈ ತತ್ತ್ವದ ಮೇಲೆ ರಚಿತವಾದ 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು ಮಾಹಿತಿ ಹಕ್ಕಿನ ಎಂಟನೆಯ ಕಲಮಿನಲ್ಲಿ ಒಂದು ತಿದ್ದುಪಡಿಯನ್ನು ತಂದಿತು. ಸಾರ್ವಜನಿಕ ಕಾರ್ಯಕ್ಕೆ ಸಂಬಂಧಿಸದ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದೆಂದು ಹಿಂದೆ ಇದ್ದುದನ್ನು, ವೈಯಕ್ತಿಕ ಮಾಹಿತಿಯನ್ನೆಲ್ಲ ನಿರಾಕರಿಸಬಹುದೆಂದು ಅದು ಮಾರ್ಪಡಿಸಿತು; ಲೋಕಹಿತವು ಹೆಚ್ಚಿನದೆಂದು ತೋರಿದರೆ ಕೊಡಬಹುದೆಂಬ ಬೇರೊಂದು ಉಪಕಲಮು ಮಾತ್ರ ಹಾಗೆಯೇ ಉಳಿಯಿತು. ಕೋಟ್ ಕಿರಾಣಾದಲ್ಲಿ ಗಟ್ಟಿಯಾಗಿ ಓದಿದುದು ಹೆಸರುಗಳನ್ನು. ಹೆಸರೆಂಬುದು ವೈಯಕ್ತಿಕ ಮಾಹಿತಿ. ಕೂಲಿ ಪಡೆದವರ ಹೆಸರು, ಮನೆ ಮಂಜೂರಾದವರ ಹೆಸರು, ಪಡಿತರ ಎತ್ತಿದವರ ಹೆಸರು ಪಂಚಾಯಿತಿಯ ಗೋಡೆಯ ಮೇಲೆ ಇರಬೇಕೆ ಬೇಡವೆ ಎಂಬ ಪ್ರಶ್ನೆಯ ನಿರ್ಣಯವು, ಅರ್ಜಿಯನ್ನು ಕೈಗೆ ತೆಗೆದುಕೊಳ್ಳುವ ಅಧಿಕಾರಿಯ ವಿವೇಚನೆಗೆ ಸೇರಿತು.